ನಿಂಬೆ ತೋಟದಿಂದ ವಿಶ್ವಸಂಸ್ಥೆಯವರೆಗೆ: ಮಾಫಿಯಾ ಅಧ್ಯಯನದ ಮಹಾಯಾನ

ಕಡತವಿಲ್ಲ, ನಾಮಫಲಕವಿಲ್ಲ, ಬಾಯಿಬಿಡುವವರಂತೂ ಇಲ್ಲವೇ ಇಲ್ಲ. ಸಾಕ್ಷಿ ನುಡಿದವನಿಗೆ ಸಾವೇ ಗತಿಯಾದ ಲೋಕವನ್ನು ವಿದ್ವಾಂಸರು ಅಧ್ಯಯನ ಮಾಡುವುದಾದರೂ ಹೇಗೆ? ಇಟಲಿಯ ಸಿಸಿಲಿ ದ್ವೀಪದ ಮಾಫಿಯಾ ಕುರಿತು ಸುಮಾರು ಒಂದೂವರೆ ಶತಮಾನದಿಂದ ನಡೆದುಬಂದಿರುವ ಸಂಶೋಧನೆ ಈ ಪ್ರಶ್ನೆಗೆ ದೊರೆತ ಭವ್ಯ ಉತ್ತರ. ಆಧುನಿಕ ಸಮಾಜವಿಜ್ಞಾನದ ಅತ್ಯಂತ ಧೀರ ಅಧ್ಯಾಯಗಳಲ್ಲಿ ಇದೂ ಒಂದು.

1876ರಲ್ಲಿ ಲಿಯೊಪೋಲ್ಡೊ ಫ್ರಾಂಕೆಟ್ಟಿ ಮತ್ತು ಸಿಡ್ನಿ ಸೊನ್ನಿನೊ ಎಂಬ ಇಬ್ಬರು ತರುಣರು ಸಿಸಿಲಿಯನ್ನು ಸುತ್ತಿ ಬಂದರು. ಊಳಿಗಮಾನ್ಯ ಪದ್ಧತಿ ಅಳಿದ ಮೇಲೆ ಬಲಪ್ರಯೋಗ ಜಮೀನ್ದಾರರ ಸೊತ್ತಾಗಿ ಉಳಿಯದೆ, ಯಾರು ಬೇಕಾದರೂ ನಡೆಸಬಹುದಾದ ಉದ್ಯಮವಾಗಿದೆ ಎಂದು ಫ್ರಾಂಕೆಟ್ಟಿ ಬರೆದರು. ಸಿಸಿಲಿಯನ್ನರ ಹುಟ್ಟುಗುಣವೇ ಹಾಗೆ ಎಂದು ಜನ ಸುಲಭವಾಗಿ ನಂಬುತ್ತಿದ್ದ ಕಾಲದಲ್ಲಿ ಇದು ಅಸಾಧಾರಣ ಒಳನೋಟ.

ಆ ಒಳನೋಟಕ್ಕೆ ಅಂಕಿ ಅಂಶಗಳ ಬಲ ತುಂಬಿದ ಸಂಶೋಧನೆಗಳಲ್ಲಿ 2017ರ ಪ್ರಬಂಧವೊಂದು ಅತಿ ಸ್ವಾರಸ್ಯಕರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆ ಸ್ಕರ್ವಿ ರೋಗಕ್ಕೆ ನಿಂಬೆರಸವನ್ನು ಮದ್ದಾಗಿ ಒಪ್ಪಿದ ಮೇಲೆ ಸಿಸಿಲಿಯ ನಿಂಬೆಗೆ ಬೇಡಿಕೆ ಏರಿತು. ಆದರೆ ಗಿಡ ನೆಟ್ಟು ಫಲ ಕಾಣಲು ಹಲವು ವರ್ಷ ಕಾಯಬೇಕು, ನೀರಾವರಿಗೆ ಹಣ ಸುರಿಯಬೇಕು, ತೋಟದ ಸುತ್ತ ಗೋಡೆ ಎಬ್ಬಿಸಬೇಕು. ಇಷ್ಟಾದರೂ ಒಂದೇ ರಾತ್ರಿಯಲ್ಲಿ ಫಸಲು ಕಳ್ಳರ ಪಾಲಾಗಬಹುದು! ಕಾನೂನು ದುರ್ಬಲವಾಗಿದ್ದ ಆ ನೆಲದಲ್ಲಿ ತೋಟದ ಕಾವಲಿಗೆ ಬಂದವನೇ ಕ್ರಮೇಣ ದಲ್ಲಾಳಿಯಾದ, ಹಫ್ತಾ ವಸೂಲಿ ಮಾಡುವವನೂ ಆದ. ಡಿಮಿಕೊ, ಇಸೊಪಿ, ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1880ರ ದಶಕದ ಸಂಸದೀಯ ವಿಚಾರಣೆಯ ದಾಖಲೆಗಳನ್ನು ಶೋಧಿಸಿ, ನಿಂಬೆ, ಕಿತ್ತಳೆ ಬೆಳೆದ ಊರುಗಳಲ್ಲಿ ಮಾಫಿಯಾ ಹೆಚ್ಚಾಗಿ ಬೇರೂರಿತ್ತು ಎಂದು ತೋರಿಸಿದರು.

ಮಾಫಿಯಾ ಎಂಬುದು ಬರೀ ಮನೋಭಾವ, ಸಂಘಟನೆಯಲ್ಲ ಎಂದು ವಾದಿಸಿದ ಪಂಡಿತರೂ ಇದ್ದರು. ಆ ವಾದವನ್ನು ಕೆಡವಿದ್ದು ನ್ಯಾಯಾಲಯ. 1984ರಲ್ಲಿ ಮಾಫಿಯಾದವನೇ ಆದ ತೊಮ್ಮಾಸೊ ಬುಶೆಟ್ಟಾ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆಯವರ ಮುಂದೆ ಬಾಯಿಬಿಟ್ಟು, ಸದಸ್ಯರು 'ಕೋಸಾ ನೋಸ್ತ್ರಾ' ಎಂದು ಕರೆದುಕೊಳ್ಳುವ ಆ ಸಂಘಟನೆಯ ಕುಟುಂಬಗಳು, ಮುಖ್ಯಸ್ಥರು, ಮೇಲ್ಮಂಡಳಿಯ ಸ್ವರೂಪವನ್ನೆಲ್ಲ ವಿವರಿಸಿದ. 1987ರಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ಮಾಫಿಯಾ ವಿರುದ್ಧ ನಡೆದ ಮಹಾ ವಿಚಾರಣೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆ ವಿಧಿಸಿತು. ಅದಕ್ಕೆ ಫಾಲ್ಕೋನೆ ತೆತ್ತ ಬೆಲೆ ಅವರ ಪ್ರಾಣ: 1992ರ ಮೇ 23ರಂದು ಕಪಾಚಿಯ ಬಳಿ ಹೆದ್ದಾರಿಯನ್ನೇ ಸ್ಫೋಟಿಸಿ ಅವರನ್ನು ಹತ್ಯೆಗೈಯಲಾಯಿತು.

ಅಂಥ ನ್ಯಾಯಾಲಯದ ದಾಖಲೆಗಳನ್ನೂ ಆಧರಿಸಿ ಸಮಾಜಶಾಸ್ತ್ರಜ್ಞ ಡಿಯೆಗೊ ಗ್ಯಾಂಬೆಟ್ಟಾ ರಚಿಸಿದ ಕೃತಿ ಈ ಕ್ಷೇತ್ರದ ಮೇರುಶಿಖರ. ಅದರಲ್ಲಿ ಬರುವ ದನ ಸಾಕುವವನೊಬ್ಬನ ಮಾತು ಇಡೀ ಸಿದ್ಧಾಂತವನ್ನು ಹಿಡಿದಿಡುತ್ತದೆ. ಕಟುಕ ತನಗೆ ಮೋಸ ಮಾಡುತ್ತಾನೆಂದು ಅವನಿಗೆ ಗೊತ್ತು, ಅವನ ಮೇಲೆ ಕಟುಕನಿಗೂ ಅದೇ ಗುಮಾನಿ. ಹೀಗಾಗಿ ಇಬ್ಬರೂ ಮೂರನೆಯವನೊಬ್ಬನಿಗೆ ಪಾಲು ಕೊಟ್ಟು ವ್ಯವಹಾರ ಕುದುರಿಸುತ್ತಾರೆ. ವಿಶ್ವಾಸವಿಲ್ಲದ ಮಾರುಕಟ್ಟೆಯಲ್ಲಿ ರಕ್ಷಣೆಯನ್ನು ಸರಕಾಗಿ ಮಾರುವುದೇ ಮಾಫಿಯಾದ ಮೂಲ ವೃತ್ತಿ ಎಂಬುದು ಗ್ಯಾಂಬೆಟ್ಟಾ ಅವರ ಪ್ರತಿಪಾದನೆ.

ಇಂದು ಈ ವಿದ್ಯೆ ಸಿಸಿಲಿಯ ಗಡಿ ದಾಟಿದೆ. ರಷ್ಯಾದ ಮಾಫಿಯಾ ಕುರಿತ ಫೆಡೆರಿಕೊ ವರೇಸೆ ಅವರ ಅಧ್ಯಯನ ಇದೇ ಪರಂಪರೆಯದು. ಮಾಫಿಯಾದ ಉದ್ಯಮಶೀಲತೆಯನ್ನು ಶೋಧಿಸಿದ ಪಿನೊ ಅರ್ಲಾಕಿ ಮುಂದೆ ವಿಶ್ವಸಂಸ್ಥೆಯ ಮಾದಕವಸ್ತು ನಿಯಂತ್ರಣ ಮತ್ತು ಅಪರಾಧ ತಡೆ ಕಚೇರಿಯ ಮುಖ್ಯಸ್ಥರಾದರು. ಅವರ ಅವಧಿಯಲ್ಲೇ, 2000ದ ಡಿಸೆಂಬರ್‌ನಲ್ಲಿ, ದೇಶಾತೀತ ಸಂಘಟಿತ ಅಪರಾಧದ ವಿರುದ್ಧದ ಒಡಂಬಡಿಕೆಗೆ ಪಲೆರ್ಮೊದಲ್ಲಿ ರಾಷ್ಟ್ರಗಳು ಸಹಿ ಹಾಕಿದವು. 2011ರಲ್ಲಿ ಭಾರತವೂ ಅನುಮೋದಿಸಿದ ಆ ಒಡಂಬಡಿಕೆ ನೀಡುವ ಸಂಘಟಿತ ಅಪರಾಧ ಗುಂಪಿನ ವ್ಯಾಖ್ಯೆಯಲ್ಲಿ ಕುಲದ ಪ್ರಸ್ತಾಪವಿಲ್ಲ, ಹುಟ್ಟುಗುಣದ ಮಾತಿಲ್ಲ. ಮೂರು ಅಥವಾ ಹೆಚ್ಚು ಮಂದಿಯ ವ್ಯವಸ್ಥಿತ ಗುಂಪು, ಗಂಭೀರ ಅಪರಾಧ, ಅದರಿಂದ ಪಡೆಯುವ ಲಾಭ: ಅದರ ತಿರುಳು ಇಷ್ಟೇ.