ಹೊಲದ ಕಾವಲಿನವನ ಹಾಸಿಗೆ

ಚಡಚಣದ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ತೆನೆ ಬಲಿಯುವ ಕಾಲವೂ ಚಳಿ ಬಲಿಯುವ ಕಾಲವೂ ಒಂದೇ. ಹಗಲು ಹಕ್ಕಿಗಳ ಕಾಟ, ಇರುಳು ಕಾಡುಹಂದಿಗಳ ಕಾಟ. ಆದುದರಿಂದ ಮನೆಯವರಲ್ಲೊಬ್ಬರು, ಇಲ್ಲವೆ ಆಳುಮಗನು, ಹೊಲದಲ್ಲಿಯೇ ರಾತ್ರಿ ಕಳೆಯಬೇಕಾಗುವುದು. ವಿಜಯಪುರ ಸೀಮೆಯಲ್ಲಿ ಡಿಸೆಂಬರ್, ಜನವರಿ ತಿಂಗಳ ಕೆಲವು ಇರುಳುಗಳಲ್ಲಿ ಉಷ್ಣಮಾನವು 10 ಡಿಗ್ರಿಗೂ ಕೆಳಗಿಳಿಯುವುದುಂಟು. ಕಾವಲಿಗೆ ಹೋಗುವವನ ಬುತ್ತಿಯ ಬಗೆಗೆ ನಾವು ತೋರುವ ಕಾಳಜಿಯು ಅವನ ಹಾಸಿಗೆಯ ಬಗೆಗೂ ಇರಬೇಡವೆ?

ಹಾವು ಚೇಳುಗಳ ಭಯದಿಂದ ನೆಲದ ಮೇಲೆ ಮಲಗದೆ ಹೊರಸಿನ ಮೇಲಾಗಲಿ, ಮರಕ್ಕೆ ಕಟ್ಟಿದ ಜೋಲಿಯಲ್ಲಾಗಲಿ ಮಲಗುವುದು ಜಾಣತನವೇ ಸರಿ. ಆದರೆ ಅಲ್ಲಿ ಇನ್ನೊಂದು ತೊಡಕು ಉಂಟು. ಮೇಲೆ ಎರಡು ಹೊದಿಕೆ ಹೊದ್ದರೂ ಬೆನ್ನು ಕೊರೆಯುವುದು ನಿಲ್ಲದು. ಹೊದಿಕೆಯಲ್ಲಿ ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ನಿಂತ ಗಾಳಿ. ಮೈಭಾರಕ್ಕೆ ಸಿಕ್ಕ ಹಾಸಿಗೆಯು ಅಪ್ಪಚ್ಚಿಯಾಗಿ ಆ ಗಾಳಿಯನ್ನು ಕಳೆದುಕೊಳ್ಳುವುದು. ಕೆಳಗೆ ಬೀಸುವ ಗಾಳಿಯೋ ಮೈಯ ಕಾವನ್ನು ಕದ್ದೊಯ್ಯುವುದು. ಚಳಿಯು ಕೆಳಗಿನಿಂದ ಬರುವುದೆಂದು ತಿಳಿದರೆ ಅರ್ಧ ಕಾರ್ಯವಾದಂತೆ.

ಜೋಲಿಯ ಹಾಸಿಗೆಯನ್ನು ಐರೋಪ್ಯರು 1492ರ ತರುವಾಯ ಕೆರಿಬಿಯನ್ ದ್ವೀಪವಾಸಿಗಳಿಂದ ಕಲಿತರು. ಇಂದು ಅಮೆರಿಕದ ಶೀತಾರಣ್ಯಗಳಲ್ಲಿ ಬೇಟೆಗೆ ಹೋಗುವವರು ಜೋಲಿಯ ಒಳಗೆ ಹಾಸುವುದರ ಜೊತೆಗೆ, ಅದರ ಹೊರಗೆ, ಅಡಿಯಲ್ಲಿ, ಮೈಭಾರ ತಾಗದಂತೆ ಒಂದು ಮೆತ್ತನೆಯ ರಜಾಯಿಯನ್ನು ತೂಗಬಿಡುವರು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಆದರೆ ಬೇಟೆಗಾರನ ಈ ಯುಕ್ತಿಯು ಕಾವಲಿನವನಿಗೂ ಒದಗುವುದು. ಎರಡು ಗೋಣಿತಾಟುಗಳನ್ನು ಕೂಡಿಸಿ ಹೊಲಿದು, ನಡುವೆ ಒಣಹುಲ್ಲನ್ನು ಸಡಿಲವಾಗಿ ತುಂಬಿ, ನಾಲ್ಕು ಮೂಲೆಗಳಿಗೆ ಹಗ್ಗ ಕಟ್ಟಿ ಹೊರಸಿನಡಿ ಬಿಗಿದರೆ ತೀರಿತು. ಅದು ಹೊರಸಿಗೆ ಹತ್ತಿರವಾಗಿರಬೇಕು, ಆದರೆ ಒತ್ತಿಕೊಂಡಿರಬಾರದು.

ಇನ್ನು ಹೊದಿಕೆಯ ಆಯ್ಕೆ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹೊಲಿದ ಕೌದಿಯು ಮೈಗೆ ಹಿತ; ಭೀಮೆಯಾಚೆಯ ಸೊಲ್ಲಾಪುರದ ಚಾದರವೂ ಒಳ್ಳೆಯದೇ. ಆದರೆ ಇವೆರಡೂ ಹತ್ತಿಯವು. ಇಬ್ಬನಿಯನ್ನು ಹೀರಿ ಬೆಳಗಿನ ಜಾವಕ್ಕೆ ತಣ್ಣಗಾಗುವವು. ದಖ್ಖನಿ ಕುರಿಯ ಉಣ್ಣೆಯಿಂದ ನೇದು, ಹುಣಸೆಬೀಜದ ಗಂಜಿ ಹಚ್ಚಿದ ಕಂಬಳಿಯು ಮೈಗೆ ಒರಟಾದರೂ ತೇವಕ್ಕೆ ಬೇಗನೆ ಸೋಲದು. ತುಸು ನೆನೆದರೂ ಬೆಚ್ಚಗಿಡುವುದು. ಆದುದರಿಂದ ಕೌದಿ ಒಳಗೆ, ಕಂಬಳಿ ಹೊರಗೆ ಎಂಬುದೇ ಸರಿಯಾದ ಕ್ರಮ. ಇನ್ನೊಂದು ಕಂಬಳಿಯಿದ್ದರೆ ಅದನ್ನು ಬೆನ್ನಿನಡಿ ಹಾಸತಕ್ಕದ್ದು. ತಲೆಗೂ ಕಿವಿಗಳಿಗೂ ರುಮಾಲು ಸುತ್ತಲು ಮರೆಯಬಾರದು.

ಒಂದು ಎಚ್ಚರಿಕೆ. ಬಾಗಿಲು ಮುಚ್ಚಿದ ಗುಡಿಸಲಿನಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಎಂದಿಗೂ ಮಲಗಬಾರದು. ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ವಾಸನೆಯಿಲ್ಲ. ನಿದ್ದೆಯಲ್ಲಿಯೇ ಪ್ರಾಣ ತೆಗೆಯುವುದು. ಹುಲ್ಲು ಕಟ್ಟಿದ ಹೊರಸಿನ ಬಳಿಯಂತೂ ಬೆಂಕಿಯೇ ಸಲ್ಲದು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಗಾದೆ. ಆದರೆ ಕಾವಲಿನವನ ಹಾಸಿಗೆಯ ಅಳತೆಯು ಅವನ ಕೈಯಲ್ಲಿಲ್ಲ, ಕಳುಹುವವರ ಕೈಯಲ್ಲಿದೆ. ಮನೆಯ ಮಗನಿಗೆ ಹೊಸ ಕಂಬಳಿ, ಆಳುಮಗನಿಗೆ ಹರಕು ಚಾದರ ಎಂಬ ಭೇದವನ್ನು ಚಳಿಯು ಅರಿಯದು. ನಮ್ಮ ರಾಶಿಯನ್ನು ಕಾಯುವವನು ಯಾರೇ ಆಗಲಿ, ಬೆಳಿಗ್ಗೆ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಏಳುವಂತಿರಬೇಕು.