ಲೆಕ್ಕಪತ್ರ ಅಳಿಯದಂತೆ ಗಣಕಯಂತ್ರದ ಉನ್ನತೀಕರಣ

ಬೆಳಗಾವಿ ಜಿಲ್ಲೆಯ ಕೊಗನೊಳ್ಳಿಯು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಕರ್ನಾಟಕದ ಅಂಚಿನಲ್ಲಿರುವ ಊರು. ನಿಪ್ಪಾಣಿ ಕಡೆಯಿಂದ ಸರಕು ಹೇರಿಕೊಂಡು ಬಂದ ಲಾರಿಯು ಇಲ್ಲಿಯ ಟೋಲ್ ನಾಕಾ ದಾಟಿದರೆ ಸ್ವಲ್ಪ ಹೊತ್ತಿನಲ್ಲಿಯೇ ಮಹಾರಾಷ್ಟ್ರದ ಕಾಗಲ್ ಸೇರುತ್ತದೆ. ಸರಕಿನ ಮೌಲ್ಯವು 50,000 ರೂಪಾಯಿ ಮೀರಿದ್ದಲ್ಲಿ ಇ-ವೇ ಬಿಲ್ ಇರತಕ್ಕದ್ದು. ಅಂತರರಾಜ್ಯ ಸಾಗಾಣಿಕೆಗೆ ಈ ನಿಯಮ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಿಲ್ಲನ್ನು ಮೊಬೈಲಿನಲ್ಲಿಯೂ ಪಡೆಯಬಹುದೆಂಬುದು ನಿಜ. ಆದರೆ ಇನ್‌ವಾಯ್ಸ್, ದಾಸ್ತಾನು, ಗಿರಾಕಿಗಳ ಬಾಕಿ ಎಲ್ಲವೂ ಅಂಗಡಿಯ ಗಣಕಯಂತ್ರದಲ್ಲಿಯೇ ಇರುವುದರಿಂದ, ಅದು ಒಂದು ದಿನ ನಿಂತರೆ ಗಡಿಭಾಗದ ವರ್ತಕನ ವ್ಯವಹಾರವೇ ನಿಂತಂತಾಗುತ್ತದೆ.

ಇಂತಹ ಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅಷ್ಟರಿಂದ ಯಂತ್ರವೇನೂ ಕೆಡುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರವು, ವಿಸ್ತರಿತ ಭದ್ರತಾ ಯೋಜನೆಯಲ್ಲಿ ನೋಂದಾಯಿಸಿಕೊಂಡ ಯಂತ್ರಗಳಿಗೆ ಮಾತ್ರ, ಅದೂ ನಿಗದಿತ ಅವಧಿಗೆ ದೊರೆಯುತ್ತದೆ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರವನ್ನು ಹೀಗೆ ಬಿಡುವುದು ಜಾಣತನವಲ್ಲ.

ವ್ಯವಸ್ಥೆ ಬದಲಿಸಬೇಕೆಂದೊಡನೆ “ಫಾರ್ಮ್ಯಾಟ್ ಹೊಡೆಯಬೇಕು” ಎನ್ನುವ ರೂಢಿ ಎಲ್ಲೆಡೆ ಇದೆ. ಈ ರೂಢಿಗೆ ಕಾರಣವೂ ಉಂಟು. 2009ರಲ್ಲಿ ವಿಂಡೋಸ್ 7 ಬಂದಾಗ, ವಿಂಡೋಸ್ ಎಕ್ಸ್‌ಪಿ ಬಳಸುತ್ತಿದ್ದವರಿಗೆ ನೇರ ಉನ್ನತೀಕರಣದ ಮಾರ್ಗವಿರಲಿಲ್ಲ. ಎಲ್ಲ ತಂತ್ರಾಂಶಗಳನ್ನೂ ಹೊಸದಾಗಿ ಹಾಕಿಕೊಳ್ಳಬೇಕಾಗಿತ್ತು. ವಿಂಡೋಸ್ 10ರಿಂದ 11ಕ್ಕೆ ಹೋಗುವವರಿಗೆ ಆ ಪೀಡೆ ಇಲ್ಲ. ಅಸಲಿ ಪರವಾನಗಿ ಇದ್ದವರಿಗೆ ಉನ್ನತೀಕರಣವು ಉಚಿತವೂ ಹೌದು. ಅನುಸ್ಥಾಪನಾ ತಂತ್ರಾಂಶವು ಹಳೆಯ ವ್ಯವಸ್ಥೆಯನ್ನು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸರಿಸಿ, ಹೊಸದನ್ನು ಸ್ಥಾಪಿಸಿ, ಕಡತಗಳನ್ನೂ ತಂತ್ರಾಂಶಗಳನ್ನೂ ಅದಕ್ಕೆ ಜೋಡಿಸುತ್ತದೆ. ಟ್ಯಾಲಿಯ ಲೆಕ್ಕ, ಪ್ರಿಂಟರಿನ ಹೊಂದಾಣಿಕೆ, ನುಡಿ ಅಥವಾ ಬರಹದ ಅಕ್ಷರಶೈಲಿಗಳು ಸಾಮಾನ್ಯವಾಗಿ ಇದ್ದಲ್ಲಿಯೇ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿದ ಯಂತ್ರದಲ್ಲಿ ಹಳೆಯ ಕನ್ನಡ ಪತ್ರ ತೆರೆದು, ಅರ್ಥವಾಗದ ಚಿಹ್ನೆಗಳ ಸಾಲು ಕಂಡವರಿಗೆ ಈ ಅನುಕೂಲದ ಬೆಲೆ ತಿಳಿದೇ ಇರುತ್ತದೆ.

ಆದರೆ ಎಲ್ಲ ಯಂತ್ರಗಳಿಗೂ ಈ ದಾರಿ ತೆರೆದಿಲ್ಲ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿ.ಬಿ. ಮೆಮೊರಿ, 64 ಜಿ.ಬಿ. ಸಂಗ್ರಹ ಸಾಮರ್ಥ್ಯ ಹಾಗೂ ಅಂಗೀಕೃತ ಪ್ರೊಸೆಸರ್ ಬೇಕು. ಇಂಟೆಲ್ ಕೋರ್ ಸರಣಿಯಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆ ಮತ್ತು ಮುಂದಿನವು. ಮೈಕ್ರೋಸಾಫ್ಟಿನ ‘ಪಿ.ಸಿ. ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವು ಇದನ್ನೆಲ್ಲ ಪರೀಕ್ಷಿಸಿ ಹೇಳುತ್ತದೆ. ಟಿ.ಪಿ.ಎಂ. ಇದ್ದೂ ಸ್ಥಗಿತವಾಗಿದ್ದರೆ ಬಯೋಸ್‌ನಲ್ಲಿ ಚಾಲೂ ಮಾಡಿದರಾಯಿತು. ಅಷ್ಟಕ್ಕೇ ಹೊಸ ಯಂತ್ರ ಕೊಳ್ಳಬೇಕಿಲ್ಲ.

ಹೆಚ್ಚು ಎಚ್ಚರ ಬೇಕಾದುದು 32-ಬಿಟ್ ಯಂತ್ರಗಳ ವಿಷಯದಲ್ಲಿ. ವಿಂಡೋಸ್ 11 ಕೇವಲ 64-ಬಿಟ್ ರೂಪದಲ್ಲಿದೆ. 32-ಬಿಟ್ ವಿಂಡೋಸ್ 10ರ ಮೇಲೆ ಅದನ್ನು ಏರಿಸಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಅಷ್ಟೇ ಅಲ್ಲ, ಡಾಸ್ ಕಾಲದ 16-ಬಿಟ್ ಬಿಲ್ಲಿಂಗ್ ತಂತ್ರಾಂಶಗಳು 64-ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಫಾಕ್ಸ್‌ಪ್ರೊದಲ್ಲಿ ಬರೆಸಿದ ಹಳೆಯ ಖಾತೆಯನ್ನು ಇಂದಿಗೂ ಬಳಸುವವರು ಮೊದಲು ಅದರ ಮಾಹಿತಿಯನ್ನು ಹೊರತೆಗೆಸಿಕೊಳ್ಳಬೇಕು. ಜಿ.ಎಸ್.ಟಿ. ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕೆಂಬುದನ್ನು ಇಲ್ಲಿ ನೆನೆಯಬೇಕು.

ಉನ್ನತೀಕರಣಕ್ಕೆ ಮುನ್ನ ಟ್ಯಾಲಿಯ ಬ್ಯಾಕಪ್ ಒಂದನ್ನು ಬೇರೆ ಹಾರ್ಡ್ ಡಿಸ್ಕಿಗೆ ತೆಗೆದು, ಅದನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡುವುದು ಅವಶ್ಯ. ತೆರೆಯದ ಬ್ಯಾಕಪ್ಪನ್ನು ನಂಬಲಾಗದು. ಫಾರ್ಮ್ಯಾಟ್ ಅನಿವಾರ್ಯವಾದಲ್ಲಿ ಟ್ಯಾಲಿ ಲೈಸೆನ್ಸನ್ನು ಮೊದಲೇ ‘ಸರೆಂಡರ್’ ಮಾಡಬೇಕು. ಸಿ ಡ್ರೈವಿನಲ್ಲಿ ಧಾರಾಳ ಜಾಗ ಬೇಕು. ಯು.ಪಿ.ಎಸ್. ಸುಸ್ಥಿತಿಯಲ್ಲಿರಬೇಕು, ಏಕೆಂದರೆ ಕೆಲಸದ ನಡುವೆ ವಿದ್ಯುತ್ ಹೋಗುವುದು ಅಪಾಯಕರ. ತಿಂಗಳ 11 ಮತ್ತು 20ನೆಯ ತಾರೀಖುಗಳ ರಿಟರ್ನ್ ಗಡಿಬಿಡಿ ಮುಗಿದ ನಂತರದ ವಾರದ ರಜೆಯ ದಿನವೇ ಇದಕ್ಕೆ ತಕ್ಕದ್ದು.

ನಡುವೆ ಪರದೆಯ ಮೇಲೆ ಏನನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಬರಬಹುದು. ಆಗ ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್’ ಎಂಬುದನ್ನೇ ಆರಿಸಬೇಕು. ಅದು ಮಸುಕಾಗಿ ಕಂಡರೆ ಮುಂದುವರಿಯಬಾರದು. ಹಳೆಯ ವ್ಯವಸ್ಥೆ ಬ್ರಿಟಿಷ್ ಇಂಗ್ಲಿಷಿನದಾಗಿದ್ದು ಹೊಸ ಪ್ರತಿ ಅಮೆರಿಕನ್ ಇಂಗ್ಲಿಷಿನದಾಗಿದ್ದರೂ ಹೀಗಾಗುತ್ತದೆ. ಸರಿಯಾದ ಪ್ರತಿ ತಂದರೆ ಆಯ್ಕೆ ಮರಳಿ ದೊರೆಯುತ್ತದೆ.

ಕೆಲಸ ಮುಗಿದ ಮೇಲೆ ಹಿಂದಿನ ವ್ಯವಸ್ಥೆಗೆ ಮರಳಲು 10 ದಿನಗಳ ಅವಕಾಶವಿರುತ್ತದೆ. ಜಾಗ ಉಳಿಸಲೆಂದು ‘ವಿಂಡೋಸ್ ಡಾಟ್ ಓಲ್ಡ್’ ಅಳಿಸಿದರೆ ಆ ಅವಕಾಶವೂ ಹೋಗುತ್ತದೆ. ಆದುದರಿಂದ ಆ 10 ದಿನಗಳೊಳಗೆ ಒಂದು ಇನ್‌ವಾಯ್ಸ್ ಮುದ್ರಿಸಿ, ಒಂದು ಇ-ವೇ ಬಿಲ್ ತೆಗೆದು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಪರೀಕ್ಷಿಸಿಕೊಳ್ಳಬೇಕು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದವರು ಮೊದಲ ದಿನವೇ ಈ ಪರೀಕ್ಷೆ ಮಾಡುವುದು ಲೇಸು.