ಬಿಸಿಲೋ, ಕಾಂಗ್ರೆಸ್ ಕಸವೋ?

ಕಲಘಟಗಿಯ ತಂಬೂರದಂಥ ಊರಲ್ಲಿ ಹೊಲದಿಂದ ಬಂದವರ ಮುಖ, ಕತ್ತು, ಮುಂಗೈ ಕೆಂಪೇರಿ ತುರಿಸತೊಡಗಿದರೆ ಮನೆಯವರ ಮೊದಲ ಮಾತು ‘ಬಿಸಲ ಬಡದೈತಿ’. ಆದರೆ ಬದುವಿನ ಮೇಲೆ ಇನ್ನೊಬ್ಬ ಆರೋಪಿ ಹೂಬಿಟ್ಟು ನಿಂತಿರುತ್ತಾನೆ: ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆಯ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಣಗಿದ ಗಿಡದ ಪುಡಿ ಗಾಳಿಗೆ ಹಾರಿ ಮೈಗೆ ಕೂರುತ್ತದೆ. ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತರೂ ಏನೂ ಆಗದವರಿಗೆ ಒಂದು ಮಳೆಗಾಲದಲ್ಲಿ ದಿಢೀರನೆ ಅಲರ್ಜಿ ಶುರುವಾಗಬಹುದು.

ಬಿಸಿಲು, ಕಸ ಎರಡೂ ತೆರೆದ ಮೈಯನ್ನೇ ಹಿಡಿಯುತ್ತವೆ. ಹಾಗಾಗಿ ಪಳಗಿದ ಚರ್ಮವೈದ್ಯರು ಗುಳ್ಳೆಗಿಂತ ಮೊದಲು ಗುಳ್ಳೆ ಇಲ್ಲದ ಜಾಗ ನೋಡುತ್ತಾರೆ. ಗದ್ದದ ಕೆಳಗೆ, ಕಿವಿಯ ಹಿಂದೆ, ಕಣ್ರೆಪ್ಪೆಯ ಮೇಲೆ ಬಿಸಿಲು ಅಷ್ಟಾಗಿ ತಾಗದು. ಅವು ಶುಭ್ರವಾಗಿದ್ದರೆ ಸಂಶಯ ಬಿಸಿಲಿನ ಮೇಲೆ. ರೆಪ್ಪೆ ಊದಿ, ಕತ್ತಿನ ಮಡಿಕೆ, ಮೊಣಕೈ ಒಳಮಡಿಕೆಯಲ್ಲೂ ತುರಿಕೆಯಿದ್ದರೆ ಅದು ಗಾಳಿಯಲ್ಲಿ ಬಂದ ಪುಡಿಯ ಕೆಲಸ.

ಆಮೇಲೆ ಪ್ರಶ್ನೆಗಳು. ಬಿಸಿಲಿಗೆ ನಿಂತ ಕೆಲವೇ ನಿಮಿಷಕ್ಕೆ ಗಂಧೆ ಎದ್ದು ತಾಸೊಪ್ಪತ್ತಿನಲ್ಲಿ ಇಳಿಯಿತೇ, ಇಲ್ಲ ಕೆಲವು ತಾಸು ಬಿಟ್ಟು ಗುಳ್ಳೆ ಬಂದು ವಾರ ಉಳಿಯಿತೇ? ಎರಡೂ ಬಿಸಿಲಿನವೇ, ರೋಗ ಬೇರೆ. ಬಿಪಿಗೆ ಥಯಜೈಡ್, ಸೋಂಕಿಗೆ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದೀರಾ? ಇಂಥ ಗುಳಿಗೆಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಬಿಸಿಲಿಗೆ ಕೆರಳುವ ಲೂಪಸ್ ರೋಗದ ಅನುಮಾನವಿದ್ದರೆ ಎಎನ್‌ಎ ರಕ್ತಪರೀಕ್ಷೆ. ಊಟದ ಬಗೆಗೂ ಕೇಳಬೇಕು: ನಯಾಸಿನ್ ಕೊರತೆಯ ಪೆಲಾಗ್ರ ಬಿಸಿಲು ಬಿದ್ದ ಕತ್ತಿನ ಸುತ್ತ ಕಪ್ಪು ಪಟ್ಟಿ ಮೂಡಿಸುತ್ತದೆ. ಬರೀ ಜೋಳ ಉಂಡು ಬದುಕುವ ದಖ್ಖನಿನ ಬಡವರಲ್ಲಿ ಇದಕ್ಕೆ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಕಾರಣವೆಂದು ಸಂಶೋಧಕರಾದ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ವಾದಿಸಿದ್ದರು. ರೊಟ್ಟಿಯ ಜೊತೆ ಬೇಳೆ, ಪಲ್ಯ, ಮಜ್ಜಿಗೆ ಇರುವವರು ಹೆದರಬೇಕಿಲ್ಲ.

ಅಲರ್ಜಿಯ ಸಾಕ್ಷಿ ಸಿಗುವುದು ಬೆನ್ನಿನ ಮೇಲೆ. ಪ್ಯಾಚ್ ಟೆಸ್ಟ್‌ನಲ್ಲಿ ಪಾರ್ಥೇನಿಯಂ ಸಾರವಿರುವ ಪಟ್ಟಿ ಅಂಟಿಸಿ 48 ತಾಸು ಬಿಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು, ಬೆವರು ತಾಗಬಾರದು. ಸುಗ್ಗಿಯಲ್ಲಿ ಇದನ್ನು ಯಾವ ರೈತ ಪಾಲಿಸಿಯಾನು! ಬಿಸಿಲೂ ಕೂಡಿದೆಯೇ ಎಂದು ತಿಳಿಯಲು ಎರಡು ಸಾಲು ಅಂಟಿಸಿ, ಒಂದಕ್ಕಷ್ಟೇ ನೇರಳಾತೀತ ‘ಎ’ ಕಿರಣ ಹಾಯಿಸುತ್ತಾರೆ. ಬೆಳಕು ಕಂಡ ಸಾಲು ಮಾತ್ರ ಕೆಂಪಾದರೆ ಆ ವಸ್ತುವಿಗೆ ಬಿಸಿಲು ಕೂಡಿದರಷ್ಟೇ ಕಾಟ.

ಒಮ್ಮೊಮ್ಮೆ ‘ಇದೋ, ಅದೋ’ ಎಂಬ ಪ್ರಶ್ನೆಯೇ ಸೋಲುತ್ತದೆ. ಕಸದ ಅಲರ್ಜಿ ವರ್ಷಗಟ್ಟಲೆ ಕಾಡಿದ ಕೆಲವು ಹಿರಿಯರ ಚರ್ಮ ಕೊನೆಗೆ ಬಿಸಿಲನ್ನೇ ತಾಳದಾಗುತ್ತದೆ. ಮುಖ ದಪ್ಪಗಟ್ಟಿ ಕಪ್ಪಾಗುತ್ತದೆ. ಅವರಿಗೆ ಕಸವನ್ನೂ ಬಿಸಿಲನ್ನೂ ಒಟ್ಟಿಗೇ ತಪ್ಪಿಸಬೇಕು. ಔಷಧಿ ಅಂಗಡಿಯ ಸ್ಟೀರಾಯ್ಡ್ ಮುಲಾಮನ್ನು ಬೆನ್ನಿಗೂ ಸವರಿಕೊಂಡು ಪ್ಯಾಚ್ ಟೆಸ್ಟ್‌ಗೆ ಬಂದರೆ ಇದಾವುದೂ ಗೊತ್ತಾಗದೇ ಹೋಗಬಹುದು: ಅಲರ್ಜಿ ಇದ್ದರೂ ಪಟ್ಟಿಯ ಕೆಳಗೆ ಚರ್ಮ ಕೆಂಪಾಗದೇ ಇರಬಹುದು.